ಡೈವೋರ್ಸ್ ಆಲ್ಬಮ್ಮಿನಲ್ಲಿ ಹೆಂಡತಿಯ ಪಾಲೆಷ್ಟು?

ಯಾವುದಾದರೂ ಸೆಲೆಬ್ರಿಟಿ ಜೋಡಿ ಬೇರೆಯಾದ ಸುದ್ದಿ ಬಂದ ಅರ್ಧ ಗಂಟೆಯೊಳಗೆ ನಮ್ಮ ಫೋನುಗಳಿಗೆ ಒಂದೇ ಬಗೆಯ ಮೀಮ್‌ಗಳು ಬಂದು ಬೀಳುತ್ತವೆ. ಜೀವನಾಂಶ ಎಷ್ಟು ಕೋಟಿಯಂತೆ? ಏನೂ ಮಾಡದೆ ಅಷ್ಟು ದುಡ್ಡು ಸಿಕ್ಕಿತಲ್ಲ? ಮದುವೆಗಿಂತ ಒಳ್ಳೇ ಸ್ಟಾರ್ಟಪ್ ಉಂಟಾ? ಇದನ್ನು ಫಾರ್ವರ್ಡ್ ಮಾಡುವವರಲ್ಲಿ ಮೀಸಲಾತಿ, ಕನಿಷ್ಠ ಕೂಲಿಯ ಬಗ್ಗೆ ಗಂಟೆಗಟ್ಟಲೆ ಸರಿಯಾಗಿಯೇ ಮಾತಾಡುವ ಗೆಳೆಯರೂ ಇರುತ್ತಾರೆ. ಹೆಂಡತಿಯ ಪಾಲು ಅಂದ ಕೂಡಲೇ ಮಾತ್ರ ಅವರ ಲೆಕ್ಕ ಬೇರೆಯಾಗುತ್ತದೆ.

ಆ 'ಏನೂ ಮಾಡದೆ' ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು ಅಂತ ನನಗೆ ಬಹಳ ದಿನದಿಂದ ಇತ್ತು. ಅದಕ್ಕೆ ಒಂದು ಒಳ್ಳೆಯ ಕೇಸ್ ಸಿಕ್ಕಿದೆ. ಇದು ನಮ್ಮ ಯಾವ ಫ್ಯಾಮಿಲಿ ಕೋರ್ಟಿನದ್ದೂ ಅಲ್ಲ, ಅಮೆರಿಕದ ಒಂದು ಫೋಕ್ ರಾಕ್ ಆಲ್ಬಮ್ಮಿನದ್ದು. ಬಾಬ್ ಡಿಲನ್ ಅವರ 'ಬ್ಲಡ್ ಆನ್ ದಿ ಟ್ರ್ಯಾಕ್ಸ್' 1975ರ ಜನವರಿ 20ರಂದು ಬಿಡುಗಡೆಯಾಯಿತು. ಮುರಿದ ಸಂಬಂಧದ ಮೇಲೆ ಬಂದ ಅತ್ಯುತ್ತಮ ಆಲ್ಬಮ್ ಯಾವುದು ಅಂತ ಯಾರೇ ಪಟ್ಟಿ ಮಾಡಿದರೂ ಇದರ ಹೆಸರು ಮೇಲೆಯೇ ಇರುತ್ತದೆ. ಐವತ್ತು ವರ್ಷ ದಾಟಿದರೂ ಇವತ್ತಿನ ಇಪ್ಪತ್ತರ ಹುಡುಗ ಹುಡುಗಿಯರು ಬ್ರೇಕಪ್ ಆದ ರಾತ್ರಿ ಹಾಕಿಕೊಂಡು ಕೇಳುವ ಹಾಡುಗಳು ಇದರಲ್ಲಿವೆ. ನಾನೂ ಕೇಳಿದ್ದೇನೆ, ಈಗಲೂ ಕೇಳುತ್ತೇನೆ. ಮುಂದೆ ಬರೆಯುವುದನ್ನು ಡಿಲನ್ ವಿರೋಧಿಯ ಬರಹ ಅಂತ ಯಾರೂ ಓದಬೇಡಿ.

ಮೊದಲು ಹಿನ್ನೆಲೆ. ಡಿಲನ್ ಮತ್ತು ಸಾರಾ ಮದುವೆಯಾಗಿದ್ದು 1965ರ ನವೆಂಬರಿನಲ್ಲಿ. ಸಾರಾಗೆ ಮೊದಲ ಮದುವೆಯಿಂದ ಒಬ್ಬ ಮಗಳಿದ್ದಳು, ಅವಳನ್ನು ಡಿಲನ್ ದತ್ತು ಪಡೆದರು. ಆಮೇಲೆ ಇಬ್ಬರಿಗೂ ನಾಲ್ಕು ಮಕ್ಕಳಾದವು. 1966ರಲ್ಲಿ ಮೋಟರ್‌ಸೈಕಲ್ ಅಪಘಾತವಾದ ಮೇಲೆ ಡಿಲನ್ ಸುಮಾರು ಎಂಟು ವರ್ಷ ಟೂರ್ ಮಾಡಲಿಲ್ಲ. ಮನೆ, ಮಕ್ಕಳು, ಬರವಣಿಗೆ, ಆಗಾಗ ರೆಕಾರ್ಡಿಂಗ್. 1974ರ ಆರಂಭದಲ್ಲಿ 'ದಿ ಬ್ಯಾಂಡ್' ತಂಡದ ಜೊತೆ ಮತ್ತೆ ದೊಡ್ಡ ಟೂರ್ ಹೊರಟರು. ಸಂಸಾರ ಸಡಿಲವಾಗಿದ್ದು ಸರಿಸುಮಾರು ಅದೇ ಕಾಲದಲ್ಲಿ. ಆ ವರ್ಷ ನ್ಯೂಯಾರ್ಕಿನಲ್ಲಿ ನಾರ್ಮನ್ ರೇಬೆನ್ ಅನ್ನುವ ಚಿತ್ರಕಲಾ ಗುರುವಿನ ಹತ್ತಿರ ಡಿಲನ್ ಪಾಠಕ್ಕೆ ಹೋಗುತ್ತಿದ್ದರು. ನೆನ್ನೆ, ಇವತ್ತು, ನಾಳೆ ಮೂರನ್ನೂ ಒಂದೇ ಚಿತ್ರದೊಳಗೆ ಇಡುವ ನೋಟ ತನಗೆ ಸಿಕ್ಕಿದ್ದು ಅಲ್ಲಿಂದ ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಆ ಪಾಠ ಮುಗಿಸಿ ಮನೆಗೆ ಬಂದ ಮೇಲೆ ಹೆಂಡತಿಗೆ ತಾನು ಅರ್ಥವಾಗದೇ ಹೋದೆ ಅಂತಲೂ ಹೇಳಿದ್ದಾರೆ. ಈ ಎರಡನೇ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಗಂಡನಿಗೆ ಹೊಸ ದರ್ಶನವಾಯಿತು, ಹೆಂಡತಿಗೆ ಅರ್ಥವಾಗಲಿಲ್ಲ. ಹೆಂಡತಿಗೆ ಏನು ಅನ್ನಿಸಿತು ಅನ್ನುವುದು ಈ ಕತೆಯಲ್ಲಿ ಎಲ್ಲೂ ಬರುವುದಿಲ್ಲ.

ಹಾಡುಗಳನ್ನು ಡಿಲನ್ ಒಂದು ಸಣ್ಣ ಕೆಂಪು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಎ ಆ್ಯಂಡ್ ಆರ್ ಸ್ಟುಡಿಯೋದಲ್ಲಿ ನಾಲ್ಕೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದರು. ಗಿಟಾರು, ಬೇಸು, ಹಾರ್ಮೋನಿಕಾ, ಹೆಚ್ಚೆಂದರೆ ಒಂದು ಆರ್ಗನ್. ಕವರ್ ಪ್ರಿಂಟ್ ಆಯಿತು, ಟೆಸ್ಟ್ ಪ್ರೆಸ್ಸಿಂಗ್ ಕೂಡ ಬಂತು. ಡಿಸೆಂಬರಿನಲ್ಲಿ ಮಿನಸೋಟಾದ ಮನೆಗೆ ಹೋದಾಗ ತಮ್ಮ ಡೇವಿಡ್‌ಗೆ ಕೇಳಿಸಿದರು. ಎಲ್ಲಾ ಒಂದೇ ಥರ ಇದೆ, ಜೀವ ಸಾಲದು ಅನ್ನಿಸಿತು ಇಬ್ಬರಿಗೂ. ಡಿಸೆಂಬರ್ 27 ಮತ್ತು 30ರಂದು ಮಿನಿಯಾಪೊಲಿಸ್‌ನ ಸೌಂಡ್ 80 ಸ್ಟುಡಿಯೋದಲ್ಲಿ ಸ್ಥಳೀಯ ವಾದ್ಯಗಾರರನ್ನು ಕರೆಸಿ 10 ಹಾಡುಗಳಲ್ಲಿ 5ನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಕವರ್ ಆಗಲೇ ಪ್ರಿಂಟ್ ಆಗಿತ್ತಲ್ಲ, ಹಾಗಾಗಿ ಆ ವಾದ್ಯಗಾರರ ಹೆಸರು ಅದರಲ್ಲಿ ಬರಲೇ ಇಲ್ಲ. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಹಾಡಿನ ಮೊದಲ ಗಿಟಾರ್ ಧ್ವನಿ ಕೇಳಿದರೇ ಮೈ ಜುಂ ಅನ್ನುವ ಲಕ್ಷಾಂತರ ಜನರಿಗೆ, ಅದನ್ನು ನುಡಿಸಿದವರು ಯಾರು ಅಂತ ದಶಕಗಳ ಕಾಲ ಗೊತ್ತಿರಲಿಲ್ಲ.

ಎರಡು ರೆಕಾರ್ಡಿಂಗ್‌ಗಳ ನಡುವಿನ ವ್ಯತ್ಯಾಸ ಈಗ ಯಾರು ಬೇಕಾದರೂ ಕೇಳಬಹುದು, 2018ರಲ್ಲಿ 'ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್' ಅಂತ ನ್ಯೂಯಾರ್ಕ್ ಸೆಷನ್ನುಗಳ ದೊಡ್ಡ ಸಂಗ್ರಹವೇ ಬಂದಿದೆ. 'ಈಡಿಯಟ್ ವಿಂಡ್' ಹಾಡನ್ನು ಎರಡೂ ರೂಪದಲ್ಲಿ ಕೇಳಿ. ನ್ಯೂಯಾರ್ಕಿನದ್ದು ಸೋತವನ ಹಾಡು. ಧ್ವನಿ ತಗ್ಗಿದೆ, ಸಿಟ್ಟಿಗಿಂತ ಸುಸ್ತು ಜಾಸ್ತಿ. ಮಿನಿಯಾಪೊಲಿಸ್‌ನದ್ದು ಬಾಗಿಲು ಒದ್ದು ಒಳಗೆ ಬಂದವನ ಹಾಡು, ಸಾಲುಗಳೂ ಬದಲಾಗಿವೆ. ಜಗತ್ತಿಗೆ ಬಿಡುಗಡೆಯಾಗಿದ್ದು ಎರಡನೆಯದು. ಸಂಗೀತದ ದೃಷ್ಟಿಯಿಂದ ಅದು ಸರಿಯಾದ ಆಯ್ಕೆ ಅಂತಲೇ ನಾನು ಹೇಳುತ್ತೇನೆ. ಆದರೆ ಅದು ಆಯ್ಕೆ. ತನ್ನ ಸಂಕಟದ ಎರಡು ಕರಡುಗಳಲ್ಲಿ ಯಾವುದು ಜಗತ್ತಿಗೆ ಹೋಗಬೇಕು ಅಂತ ಮೂರು ತಿಂಗಳು ಯೋಚಿಸುವ ಅವಕಾಶ ಹಾಡುಗಾರನಿಗಿತ್ತು. ಹಾಡಿನ 'ನೀನು' ಯಾರೋ, ಅವಳಿಗೆ ಒಂದು ಕರಡೂ ಇರಲಿಲ್ಲ. ನ್ಯಾಯವಾಗಿ ಇದನ್ನೂ ಹೇಳಬೇಕು: ಉದ್ದಕ್ಕೂ 'ನಿನ್ನ' ಕಡೆ ತೋರಿಸಿದ ಬೆರಳನ್ನು ಆ ಹಾಡು ಕೊನೆಯಲ್ಲಿ 'ನಮ್ಮ' ಕಡೆಗೂ ತಿರುಗಿಸುತ್ತದೆ. ಅಷ್ಟು ಪ್ರಾಮಾಣಿಕತೆ ಅದಕ್ಕಿದೆ.

ಇದು ತನ್ನ ಸಂಸಾರದ ಕತೆ ಅಂತ ಡಿಲನ್ ಒಪ್ಪುವುದಿಲ್ಲ. 1985ರ 'ಬಯೋಗ್ರಾಫ್' ಸಂಗ್ರಹದ ಟಿಪ್ಪಣಿಯಲ್ಲಿ, 'ಯು ಆರ್ ಎ ಬಿಗ್ ಗರ್ಲ್ ನೌ' ತನ್ನ ಹೆಂಡತಿಯ ಬಗ್ಗೆ ಅಂತ ಬರೆದವರಿಗೆ ಚೆನ್ನಾಗಿ ಬೈದಿದ್ದಾರೆ. 2004ರ ಆತ್ಮಕತೆಯಲ್ಲಿ ಹೆಸರು ಹೇಳದೆ ಒಂದು ಆಲ್ಬಮ್ಮಿನ ಬಗ್ಗೆ, ಅದು ಚೆಕಾವ್ ಕತೆಗಳನ್ನು ಆಧರಿಸಿದ್ದು, ವಿಮರ್ಶಕರು ಆತ್ಮಕತೆ ಅಂದುಕೊಂಡರು ಅಂತ ತಮಾಷೆಯೋ ನಿಜವೋ ತಿಳಿಯದ ಧಾಟಿಯಲ್ಲಿ ಬರೆದಿದ್ದಾರೆ. ಇದೇ ಆಲ್ಬಮ್ ಅಂತ ಎಲ್ಲರ ಊಹೆ. ಇನ್ನೊಂದು ಕಡೆ, ಈ ಹಾಡುಗಳಲ್ಲಿ ತನಗೆ ಕೇಳಿಸುವುದು ಅಪ್ಪ ಅಮ್ಮ ಮಾತಾಡುತ್ತಿರುವುದು ಅಂತ ಮಗ ಜೇಕಬ್ ಹೇಳಿದರೆಂಬ ಮಾತು ಡಿಲನ್ ಬಗೆಗಿನ ಪುಸ್ತಕಗಳಲ್ಲಿ ಪದೇ ಪದೇ ಬರುತ್ತದೆ. ಬಿಡುಗಡೆಯಾದ ವರ್ಷವೇ ಒಂದು ರೇಡಿಯೋ ಸಂದರ್ಶನದಲ್ಲಿ ಡಿಲನ್, ಜನ ಇಂಥ ನೋವನ್ನು ಹೇಗೆ ಆನಂದಿಸುತ್ತಾರೋ ತನಗೆ ಅರ್ಥವಾಗುವುದಿಲ್ಲ ಅಂದಿದ್ದರು. ಯಾರ ನೋವು ಅಂತ ಬಿಡಿಸಿ ಹೇಳಲಿಲ್ಲ. ಹಾಡಿನಲ್ಲಿ ಇರುವುದೆಲ್ಲ ಸಾರಾ ಅಂತ ಹಟ ಹಿಡಿಯುವುದು ನನಗೂ ಬೇಕಿಲ್ಲ. ಪ್ರಶ್ನೆ ಅದಲ್ಲ. ಇಡೀ ಜಗತ್ತು ಅದನ್ನು ಸಾರಾ ಅಂತಲೇ ಕೇಳಿತು. ಆ ಕೇಳುವಿಕೆಗೆ ತಿದ್ದುಪಡಿ ಹಾಕುವ ಅವಕಾಶ ಹಾಡುಗಾರನಿಗಿತ್ತು, ಅವರು ಅದನ್ನು ಬಳಸಿಕೊಂಡರು. ಇನ್ನೊಬ್ಬರಿಗೆ ಇರಲಿಲ್ಲ.

ಇನ್ನೊಬ್ಬರ ಬಗ್ಗೆ ನಮಗೆ ಗೊತ್ತಿರುವುದು ಬಹಳ ಕಡಿಮೆ. ಡಿಲನ್ನರ ಮುಂದಿನ ಆಲ್ಬಮ್ 'ಡಿಸೈರ್'ನಲ್ಲಿ 'ಸಾರಾ' ಅಂತ ಹೆಸರು ಹಿಡಿದೇ ಕರೆಯುವ ಹಾಡಿದೆ. 1978ರ 'ರೆನಾಲ್ಡೋ ಆ್ಯಂಡ್ ಕ್ಲಾರಾ' ಸಿನಿಮಾದಲ್ಲಿ ಸಾರಾ ನಟಿಸಿದ್ದಾರೆ, ಅದನ್ನು ನಿರ್ದೇಶಿಸಿದ್ದೂ ಡಿಲನ್ನೇ. ಅಂದರೆ ಸಾರಾ ನಮಗೆ ಸಿಗುವುದು ಡಿಲನ್ ಹಾಡಿನಲ್ಲಿ, ಇಲ್ಲವೇ ಡಿಲನ್ ಫ್ರೇಮಿನಲ್ಲಿ. 1977ರ ಮಾರ್ಚಿನಲ್ಲಿ ಅವರು ವಿಚ್ಛೇದನಕ್ಕೆ ಅರ್ಜಿ ಹಾಕಿದರು, ಜೂನ್‌ನಲ್ಲಿ ಅದು ಆಯಿತು. ಆ ಒಪ್ಪಂದದ ಒಂದು ಷರತ್ತು, ಡಿಲನ್ ಜೊತೆಗಿನ ಬದುಕಿನ ಬಗ್ಗೆ ಸಾರಾ ಮಾತಾಡಬಾರದು ಅಂತಿತ್ತು ಎಂದು ಡಿಲನ್ ವಿಶ್ವಕೋಶ ಬರೆದ ಮೈಕಲ್ ಗ್ರೇ ದಾಖಲಿಸಿದ್ದಾರೆ. ಷರತ್ತಿನಿಂದಲೋ ಸ್ವಂತ ಇಷ್ಟದಿಂದಲೋ, ಆ ಮದುವೆಯ ಬಗ್ಗೆ ಸಾರಾ ಬಾಯಿ ಬಿಟ್ಟಿಲ್ಲ. ಸುಮ್ಮನಿರುವುದೂ ಒಂದು ಘನತೆ ಅಂತ ಅಭಿಮಾನಿಗಳು ಕೊಂಡಾಡುತ್ತಾರೆ. ಇರಬಹುದು. ಆದರೆ ಗಂಡ ಅತ್ತರೆ ಕಲೆ, ಹೆಂಡತಿ ಸುಮ್ಮನಿದ್ದರೆ ಘನತೆ ಅನ್ನುವ ಈ ಲೆಕ್ಕ ಯಾಕೋ ನಮ್ಮ ಬೀದಿಯ ಪಂಚಾಯ್ತಿಕಟ್ಟೆಯ ಲೆಕ್ಕದ ಥರವೇ ಕಾಣುತ್ತದೆ.

ಈಗ ದುಡ್ಡಿನ ವಿಷಯ. ಮೀಮ್ ಹಾಕುವವರಿಗೆ ಬೇಕಿರುವುದು ಇದೇ ತಾನೆ?

ಸಾರಾ ಅರ್ಜಿ ಹಾಕಿದ್ದು ಕ್ಯಾಲಿಫೋರ್ನಿಯಾದಲ್ಲಿ. ಗಂಡ ಹೆಂಡತಿ ಪರಸ್ಪರ ತಪ್ಪು ಸಾಬೀತು ಮಾಡದೆಯೇ ಬೇರೆಯಾಗಬಹುದು ಅನ್ನುವ 'ನೋ ಫಾಲ್ಟ್' ವಿಚ್ಛೇದನವನ್ನು ಅಮೆರಿಕದಲ್ಲಿ ಮೊದಲು ತಂದ ರಾಜ್ಯ ಅದು. 1969ರಲ್ಲಿ ಆ ಕಾನೂನಿಗೆ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್, 1970ರ ಜನವರಿ 1ರಿಂದ ಅದು ಜಾರಿಗೆ ಬಂತು. ಇದರ ಜೊತೆಗೆ ಅಲ್ಲಿ 'ಸಮುದಾಯ ಆಸ್ತಿ' ಅನ್ನುವ ಹಳೆಯ ತತ್ವ ಇದೆ. ಮದುವೆಯ ಕಾಲದಲ್ಲಿ ಇಬ್ಬರಲ್ಲಿ ಯಾರೇ ದುಡಿದರೂ ಅದು ಇಬ್ಬರದ್ದು, ಬೇರೆಯಾಗುವಾಗ ಅರ್ಧ ಅರ್ಧ. ಸಾರಾಗೆ ಸಿಕ್ಕ ಮೊತ್ತ ಸುಮಾರು 3.6 ಕೋಟಿ ಡಾಲರ್ ಅಂತಲೂ, ಮದುವೆಯ ಅವಧಿಯಲ್ಲಿ ಬರೆದ ಹಾಡುಗಳ ರಾಯಲ್ಟಿಯಲ್ಲಿ ಅರ್ಧ ಅದರಲ್ಲಿ ಸೇರಿತ್ತು ಅಂತಲೂ ಡಿಲನ್ ಜೀವನಚರಿತ್ರೆಗಳು ಅಂದಾಜು ಮಾಡುತ್ತವೆ. ಒಪ್ಪಂದ ಬಹಿರಂಗವಾಗಿಲ್ಲದ ಕಾರಣ ಅಂದಾಜು ಅಂತಲೇ ಇಟ್ಟುಕೊಳ್ಳೋಣ. ತತ್ವ ಮಾತ್ರ ಸ್ಪಷ್ಟವಾಗಿದೆ. ಹತ್ತು ವರ್ಷದ ನಂತರ, 1987ರಲ್ಲಿ, ಮದುವೆಯ ಅವಧಿಯಲ್ಲಿ ಬರೆದ ಪುಸ್ತಕದ ಕಾಪಿರೈಟ್ ಕೂಡ ಗಂಡ ಹೆಂಡತಿ ಇಬ್ಬರ ಆಸ್ತಿಯೇ ಅಂತ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 'ವರ್ಥ್' ಪ್ರಕರಣದಲ್ಲಿ ಹೇಳಿತು.

ಇದರ ಅರ್ಥ ಏನು ನೋಡಿ. 'ಬ್ಲಡ್ ಆನ್ ದಿ ಟ್ರ್ಯಾಕ್ಸ್' ಬರೆದಾಗ ಡಿಲನ್ ಮತ್ತು ಸಾರಾ ಕಾನೂನಿನ ಪ್ರಕಾರ ಇನ್ನೂ ಗಂಡ ಹೆಂಡತಿ. ಹಾಗಾದರೆ ಅವಳನ್ನು ದೂರುವ, ಅವಳಿಗಾಗಿ ಹಂಬಲಿಸುವ ಹಾಡುಗಳ ದುಡಿಮೆಯಲ್ಲೂ ಅರ್ಧ ಅವಳದ್ದೇ. ಇದರಲ್ಲಿ ಒಂದು ವ್ಯಂಗ್ಯ ಇದೆ ನಿಜ, ಆದರೆ ನನಗೆ ಇದರಲ್ಲಿ ನ್ಯಾಯವೇ ಜಾಸ್ತಿ ಕಾಣುತ್ತದೆ. ಐದು ಮಕ್ಕಳಿದ್ದ ಮನೆ ಅದು. ಒಬ್ಬ ಬರಹಗಾರ ಬಾಗಿಲು ಹಾಕಿಕೊಂಡು ನೋಟ್‌ಬುಕ್ಕಿನ ಮುಂದೆ ಕೂತಿರಬೇಕಾದರೆ ಆ ಬಾಗಿಲಿನ ಹೊರಗೆ ಯಾರೋ ಇರಲೇಬೇಕು. ಜ್ವರ ಬಂದ ಮಗುವನ್ನು ಎತ್ತಿಕೊಳ್ಳಬೇಕು, ಫೋನ್ ಎತ್ತಬೇಕು, ಊಟದ ಹೊತ್ತು ನೋಡಬೇಕು. ಆ ಕೆಲಸಕ್ಕೂ ಕವರಿನ ಮೇಲೆ ಕ್ರೆಡಿಟ್ ಇರುವುದಿಲ್ಲ, ಆ ಮಿನಿಯಾಪೊಲಿಸ್ ವಾದ್ಯಗಾರರ ಹಾಗೆ. 2020ರ ಡಿಸೆಂಬರಿನಲ್ಲಿ ಡಿಲನ್ ತಮ್ಮ 600ಕ್ಕೂ ಹೆಚ್ಚು ಹಾಡುಗಳ ಹಕ್ಕನ್ನು ಯೂನಿವರ್ಸಲ್ ಮ್ಯೂಸಿಕ್ ಕಂಪನಿಗೆ ಮಾರಿದರು. ಬೆಲೆ 30 ಕೋಟಿ ಡಾಲರ್ ದಾಟಿರಬಹುದು ಅಂತ 'ನ್ಯೂಯಾರ್ಕ್ ಟೈಮ್ಸ್' ಅಂದಾಜಿಸಿತ್ತು. ಅದನ್ನು ಯಾರೂ 'ಏನೂ ಮಾಡದೆ ಸಿಕ್ಕ ದುಡ್ಡು' ಅನ್ನಲಿಲ್ಲ, ಅನ್ನಬಾರದು ಕೂಡ.

ಇದೇ ದಂಪತಿ ನಮ್ಮಲ್ಲಿದ್ದಿದ್ದರೆ? ಗೋವಾ ಬಿಟ್ಟರೆ ಭಾರತದಲ್ಲಿ ಮದುವೆಯ ಕಾಲದ ಸಂಪಾದನೆ ಇಬ್ಬರದ್ದು ಅನ್ನುವ ಕಾನೂನು ಇಲ್ಲ. ಪೋರ್ಚುಗೀಸರ ಕಾಲದ ಸಿವಿಲ್ ಕೋಡ್‌ನಿಂದಾಗಿ ಗೋವಾದಲ್ಲಿ ಮಾತ್ರ ಅದು ಉಳಿದಿದೆ. ಬೇರೆ ಕಡೆ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದ್ದು. ಹೆಂಡತಿಗೆ ಇರುವುದು ಜೀವನಾಂಶ ಕೇಳುವ ದಾರಿ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅದನ್ನು ಗಂಡನೂ ಕೇಳಬಹುದು, ಇದು ಮೀಮ್‌ಗಳಲ್ಲಿ ಬರುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ 'ರಜನೇಶ್ ವರ್ಸಸ್ ನೇಹಾ' ಪ್ರಕರಣದಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು ಅಂತ ಮಾರ್ಗಸೂಚಿ ಮಾಡಿತು. ಅದು ದೊಡ್ಡ ಹೆಜ್ಜೆಯೇ. ಆದರೂ ಚೌಕಟ್ಟು ಬದಲಾಗಲಿಲ್ಲ. ನಿನಗೆ ಬದುಕಲು ಎಷ್ಟು ಬೇಕು ಅಂತ ಕೇಳುತ್ತೇವೆ, ನೀನು ಕಟ್ಟಿದ್ದರಲ್ಲಿ ನಿನ್ನದೆಷ್ಟು ಅಂತ ಕೇಳುವುದಿಲ್ಲ. ಬೇಡುವವಳ ಜಾಗದಲ್ಲಿ ನಿಲ್ಲಿಸಿದ ಮೇಲೆ, ಬೇಡಿದಳು ಅಂತ ಆಡಿಕೊಳ್ಳುವುದು ಸುಲಭ.

ಬದಲಾಯಿಸುವ ಪ್ರಯತ್ನ ಆಗಿಲ್ಲ ಅಂತಲ್ಲ. ದಾಂಪತ್ಯ ಸರಿಪಡಿಸಲಾಗದಷ್ಟು ಮುರಿದುಹೋದರೆ ಅದೇ ವಿಚ್ಛೇದನಕ್ಕೆ ಕಾರಣವಾಗಬಹುದು, ಹಾಗಾದಾಗ ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪರಿಹಾರದ ರೂಪದಲ್ಲಿ ಪಾಲು ಸಿಗಬೇಕು ಅನ್ನುವ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯನ್ನು 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ಪಾಸು ಮಾಡಿತ್ತು. ಲೋಕಸಭೆಯಲ್ಲಿ ಮುಂದಕ್ಕೆ ಹೋಗಲಿಲ್ಲ, 2014ರಲ್ಲಿ ಸದನದ ಅವಧಿಯೊಂದಿಗೆ ಅದೂ ಸತ್ತುಹೋಯಿತು. ಇದರ ಮೊದಲ ಅರ್ಧಕ್ಕೆ 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ಕಿಟಕಿ ತೆರೆಯಿತು, 142ನೇ ವಿಧಿಯಡಿ ತಾನು ಅಂಥ ಮದುವೆಗಳನ್ನು ರದ್ದು ಮಾಡಬಹುದು ಅಂತ. ಎರಡನೇ ಅರ್ಧಕ್ಕೆ ಅದೇ ವರ್ಷ ಮದ್ರಾಸ್ ಹೈಕೋರ್ಟಿನಿಂದ ಒಂದು ಧ್ವನಿ ಬಂತು. ಗಂಡ ಹೊರಗೆ ದುಡಿದು ಆಸ್ತಿ ಮಾಡಿದ್ದರೆ ಮನೆ ನಡೆಸಿದ ಹೆಂಡತಿಯ ದುಡಿಮೆಯೂ ಅದರಲ್ಲಿದೆ, ಆಕೆಗೆ ಪಾಲಿದೆ ಅಂತ ಅದು ಹೇಳಿತು. ಒಂದು ಹೈಕೋರ್ಟಿನ ಒಂದು ತೀರ್ಪು ಅದು. ಹಾಡುಗಳ ಕತೆಯಂತೂ ಇನ್ನೂ ಹಿಂದಿದೆ. ಸಿನಿಮಾಗೆ ಬರೆದ ಹಾಡು ಚಿತ್ರಮಂದಿರದ ಹೊರಗೆ ದುಡಿದರೆ ಅದರ ರಾಯಲ್ಟಿಯಲ್ಲಿ ಗೀತರಚನೆಕಾರರಿಗೆ, ಸಂಗೀತ ಸಂಯೋಜಕರಿಗೆ ಬಿಟ್ಟುಕೊಡಲಾಗದ ಪಾಲಿದೆ ಅಂತ ನಮ್ಮ ಕಾಪಿರೈಟ್ ಕಾಯ್ದೆ ಒಪ್ಪಿಕೊಂಡಿದ್ದೇ 2012ರಲ್ಲಿ. ಬರೆದವರಿಗೇ ಅಷ್ಟು ತಡವಾದರೆ ಬರೆದವರ ಹೆಂಡತಿ ಯಾವ ಲೆಕ್ಕ?

ಇಲ್ಲಿಗೆ ಒಂದು ಆಕ್ಷೇಪ ಬಂದೇ ಬರುತ್ತದೆ. ಹಾಗಾದರೆ ಕಲಾವಿದರು ತಮ್ಮ ಬದುಕಿನ ಬಗ್ಗೆ ಬರೆಯಬಾರದಾ? ಪ್ರತಿ ಹಾಡಿಗೂ ಮಾಜಿ ಸಂಗಾತಿಯ ಎನ್‌ಒಸಿ ಬೇಕಾ? ಬೇಡ. ನಾನು ಅಂಥ ಜಗತ್ತಿನಲ್ಲಿ ಹಾಡು ಕೇಳಲಾರೆ. ಕೋರ್ಟು ಹಾಡಿನೊಳಕ್ಕೆ ಕೈ ಹಾಕಿದರೆ ಏನಾಗಬಹುದು ಅನ್ನುವುದಕ್ಕೆ ಫೋಕ್ ರಾಕ್ ಬಿಟ್ಟು ಸೋಲ್ ಸಂಗೀತದ ಕಡೆಯಿಂದ ಒಂದು ಉದಾಹರಣೆ ಇದೆ. ಮಾರ್ವಿನ್ ಗೇ ಮತ್ತು ಆ್ಯನಾ ಗೋರ್ಡಿ ಬೇರೆಯಾದಾಗ ಕೊಡಬೇಕಾದ 6 ಲಕ್ಷ ಡಾಲರ್ ಗೇ ಹತ್ತಿರ ಇರಲಿಲ್ಲ. ಮುಂದಿನ ಆಲ್ಬಮ್ಮಿನ ಮುಂಗಡ ಮತ್ತು ಗಳಿಕೆಯಿಂದ ಕೊಡಲಿ ಅಂತ ವಕೀಲರು ದಾರಿ ಹುಡುಕಿದರು. ಹೇಗೂ ದುಡ್ಡು ಅವಳಿಗೆ ಅಂತ ಬೇಕಾಬಿಟ್ಟಿ ಮಾಡಿ ಮುಗಿಸುವ ಯೋಚನೆ ಗೇ ಅವರಿಗಿತ್ತು. ಆದರೆ ಕೂತು ಹಾಡತೊಡಗಿದ ಮೇಲೆ ಮದುವೆಯ ಇಡೀ ಪುರಾಣವೇ ಹೊರಗೆ ಬಂತು. 1978ರ ಡಿಸೆಂಬರಿನಲ್ಲಿ 'ಹಿಯರ್, ಮೈ ಡಿಯರ್' ಜೋಡಿ ರೆಕಾರ್ಡ್ ಆಗಿ ಬಂದಾಗ ಅದು ಸೋತಿತು, ಈಗ ಅದನ್ನು ದೊಡ್ಡ ಕೃತಿ ಅನ್ನುತ್ತಾರೆ. ಹೆಂಡತಿಗೆ ಸೇರಬೇಕಾದ ದುಡ್ಡು ಸೇರಲು ಅವಳ ಬಗೆಗಿನ ದೂರುಗಳು ಚೆನ್ನಾಗಿ ಮಾರಾಟವಾಗಬೇಕು! ಇಂಥ ಏರ್ಪಾಡನ್ನು ಯಾವ ವ್ಯಂಗ್ಯಚಿತ್ರಕಾರನೂ ಯೋಚಿಸಲಾರ.

ನನಗೆ ಹೆಚ್ಚು ಕಾಡುವುದು ಬ್ರಿಟನ್ನಿನ ರಿಚರ್ಡ್ ಮತ್ತು ಲಿಂಡಾ ಥಾಮ್ಸನ್ ದಂಪತಿಯ 'ಶೂಟ್ ಔಟ್ ದಿ ಲೈಟ್ಸ್' (1982). ಹೆಚ್ಚುಕಡಿಮೆ ಎಲ್ಲಾ ಹಾಡುಗಳನ್ನೂ ಬರೆದಿದ್ದು ರಿಚರ್ಡ್, ಅವುಗಳಲ್ಲಿ ಕೆಲವನ್ನು ಹಾಡಿದ್ದು ಲಿಂಡಾ. ಬರೆದಾಗ ನಾವಿನ್ನೂ ಬೇರೆಯಾಗಿರಲಿಲ್ಲ, ಇದು ಡೈವೋರ್ಸ್ ಆಲ್ಬಮ್ ಅಲ್ಲ ಅಂತ ರಿಚರ್ಡ್ ಹೇಳುತ್ತಾ ಬಂದಿದ್ದಾರೆ. ಆಲ್ಬಮ್ ಬರುವ ಹೊತ್ತಿಗೆ ಸಂಸಾರ ಮುಗಿದಿತ್ತು, ಆದರೂ ಅಮೆರಿಕದ ಟೂರ್ ಇಬ್ಬರೂ ಸೇರಿ ಮಾಡಿದರು. ದಣಿದ ಹೆಂಡತಿಯ ಮಾತುಗಳನ್ನು ಗಂಡ ಬರೆದುಕೊಟ್ಟಿದ್ದಾನೆ, ಬಿಟ್ಟುಹೋದ ಆ ಗಂಡನ ಪಕ್ಕದಲ್ಲೇ ನಿಂತು ಹೆಂಡತಿ ದಿನಾ ರಾತ್ರಿ ಅವನ್ನು ಹಾಡಬೇಕು. ಗಂಟಲಿನ ಸ್ನಾಯು ಬಿಗಿದು ಧ್ವನಿ ಹೊರಡದ ಡಿಸ್ಫೋನಿಯಾ ಅನ್ನುವ ತೊಂದರೆ ಲಿಂಡಾಗೆ ಇತ್ತು, ಮುಂದೆ ಅದು ಅವರ ಹಾಡುವಿಕೆಯನ್ನೇ ಕಸಿದುಕೊಂಡಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. 2024ರಲ್ಲಿ ಬಂದ 'ಪ್ರಾಕ್ಸಿ ಮ್ಯೂಸಿಕ್' ಆಲ್ಬಮ್ಮಿನಲ್ಲಿ ಲಿಂಡಾ ಬರೆದ ಹಾಡುಗಳನ್ನು ಬೇರೆಯವರು ಹಾಡಿದ್ದಾರೆ. ಅವರ ಮಾತಿಗೆ ಬೇರೆಯವರು ಧ್ವನಿ ಕೊಡುವ ಸರದಿ ಬರಲು 42 ವರ್ಷ ಹಿಡಿಯಿತು.

ಇಬ್ಬರ ಕೈಯಲ್ಲೂ ಗಿಟಾರ್ ಇದ್ದರೆ ಹೇಗಿರುತ್ತದೆ? ಅದಕ್ಕೂ ಒಂದು ಜೋಡಿ ಇದೆ. ಜಾಷ್ ರಿಟ್ಟರ್ ಮತ್ತು ಡಾನ್ ಲ್ಯಾಂಡಿಸ್ ಅಮೆರಿಕದ ಹಾಡುಗಾರರು, ಇಬ್ಬರೂ ಫೋಕ್ ಕಡೆಯವರು. 2009ರಲ್ಲಿ ಮದುವೆಯಾದರು, ಎರಡು ವರ್ಷದೊಳಗೆ ಸಂಸಾರ ಮುರಿಯಿತು. ರಿಟ್ಟರ್ 2013ರ ಮಾರ್ಚಿನಲ್ಲಿ 'ದಿ ಬೀಸ್ಟ್ ಇನ್ ಇಟ್ಸ್ ಟ್ರ್ಯಾಕ್ಸ್' ತಂದರು. ಮೊದಲಿನ ಅವರ ಕತೆ ಹೇಳುವ ಉದ್ದುದ್ದ ಹಾಡುಗಳ ಜಾಗದಲ್ಲಿ ಬರಿಗೈಯ ಗಿಟಾರು, ನೇರ ಮಾತು. ಅದರಲ್ಲಿ 'ನ್ಯೂ ಲವರ್' ಅಂತ ಒಂದು ಹಾಡಿದೆ, ಮಾಜಿ ಹೆಂಡತಿ ಚೆನ್ನಾಗಿರಲಿ ಅಂತ ಹರಸುತ್ತಾ ಹೋಗಿ ಕೊನೆಗೆ ತನ್ನ ಸಣ್ಣತನವನ್ನೂ ತೋರಿಸಿಬಿಡುತ್ತದೆ. ತುಂಬಾ ಒಳ್ಳೆಯ ಹಾಡು. ಲ್ಯಾಂಡಿಸ್ ಅವರ 'ಬ್ಲೂಬರ್ಡ್' 2014ರಲ್ಲಿ ಬಂತು. ಅದರಲ್ಲಿ ವಾದ ಇಲ್ಲ, ಪ್ರತಿವಾದವೂ ಇಲ್ಲ. ತಗ್ಗಿದ ದನಿಯಲ್ಲಿ, ಒಬ್ಬಳೇ ಇರುವುದನ್ನು ಕಲಿಯುತ್ತಿರುವವಳ ಹಾಡುಗಳು. ರಿಟ್ಟರ್ ಹಾಡಿನ 'ನೀನು' ಇಲ್ಲಿ 'ನಾನು' ಆಗಿ ಬಂದಾಗ ಆಕೆ ಬೇರೆಯೇ ಮನುಷ್ಯಳು. ಹಾಗಂತ ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆ ಅನ್ನಿಸುವುದಿಲ್ಲ.

ಲ್ಯಾಂಡಿಸ್ ಅಲ್ಲಿಗೇ ನಿಲ್ಲಲಿಲ್ಲ. ಜೆರ್ರಿ ಸಿಲ್ವರ್‌ಮನ್ 1971ರಲ್ಲಿ ಪ್ರಕಟಿಸಿದ್ದ 'ದಿ ಲಿಬರೇಟೆಡ್ ವುಮನ್ಸ್ ಸಾಂಗ್‌ಬುಕ್' ಅನ್ನುವ ಜನಪದ ಹಾಡುಗಳ ಸಂಗ್ರಹವನ್ನು ಎತ್ತಿಕೊಂಡು, ಅದರಿಂದ ಆರಿಸಿದ ಹಾಡುಗಳನ್ನು 2024ರಲ್ಲಿ ಅದೇ ಹೆಸರಿನ ಆಲ್ಬಮ್ ಮಾಡಿದರು. ಮದುವೆಯೊಳಗೆ ಸಿಕ್ಕಿಬಿದ್ದ ಹೆಂಗಸರ ಹಳೆಯ ಹಾಡುಗಳು ಅದರಲ್ಲಿವೆ. ಅದನ್ನು ಕೇಳುವಾಗ ಹಲಸಂಗಿ ಗೆಳೆಯರು 1931ರಲ್ಲಿ ತಂದ 'ಗರತಿಯ ಹಾಡು' ನೆನಪಾಗದೆ ಇರಲಿಲ್ಲ. ಬೀಸುಕಲ್ಲಿನ ಮುಂದೆ ಕೂತು ಗಂಡ, ಅತ್ತೆ, ತವರಿನ ಬಗ್ಗೆ ಹಾಡಿದ ಆ ಹೆಂಗಸರೂ ತಮ್ಮ ಸಂಸಾರದ ಆಲ್ಬಮ್ ಮಾಡಿದವರೇ. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು.

ರಿಟ್ಟರ್ ಮತ್ತು ಲ್ಯಾಂಡಿಸ್ ಇಬ್ಬರ ಆಲ್ಬಮ್ಮೂ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತವೆ. ಒಂದರ ಹಿಂದೆ ಒಂದು ಕೇಳಿ, ಎರಡೂ ಸೇರಿ ಒಂದೂವರೆ ಗಂಟೆಯೂ ಆಗುವುದಿಲ್ಲ. ನಾನು ಮೊದಲು ಲ್ಯಾಂಡಿಸ್ ಅವರದನ್ನು ಹಾಕುತ್ತೇನೆ.